ಪ್ಲೇಟ್‌ಲೆಟ್ ಏರಿದರೂ ವಿಚಾರಿಸಬೇಕು

ಮಳೆಗಾಲದಲ್ಲಿ ಕಾರವಾರ, ಅಂಕೋಲಾ ಕಡೆ ಯಾರಿಗಾದರೂ ಜ್ವರ ಬಂದರೆ ಮನೆಯವರು ಮೊದಲು ಕೇಳುವುದು "ಪ್ಲೇಟ್‌ಲೆಟ್ ಎಷ್ಟಿದೆ?" ಎಂದು. ಡೆಂಗ್ಯೂ ಕಲಿಸಿದ ಪಾಠ ಅದು. 1.5 ಲಕ್ಷಕ್ಕಿಂತ ಇಳಿದರೆ ಎದೆ ಧಸಕ್ಕೆನ್ನುತ್ತದೆ, 4.5 ಲಕ್ಷ ದಾಟಿದ್ದರೆ "ಬೇಕಾದಷ್ಟಿದೆಯಲ್ಲ" ಎಂದು ವರದಿಯನ್ನು ಮಡಚಿ ಚೀಲಕ್ಕೆ ಹಾಕುತ್ತೇವೆ. ಆದರೆ ಸೊಂಟದ ಒಂದು ಬದಿ ತಿಂಗಳುಗಟ್ಟಲೆ ನೋವು, ಬಂದು ಹೋಗುವ ಚಳಿಜ್ವರ, ಉರಿಮೂತ್ರ ಇರುವವರಲ್ಲಿ ಏರಿದ ಆ ಅಂಕಿಗೂ ಅರ್ಥವಿದೆ: ಅದು ಮೂತ್ರಪಿಂಡದ ಹಳೆಯ ಸೋಂಕಿನ ಸುಳಿವಾಗಿರಬಹುದು.

ಮೂತ್ರಪಿಂಡದ ಸೋಂಕು ಹಳತಾಗಿ ಬೇರೂರಬೇಕಾದರೆ ಸಾಮಾನ್ಯವಾಗಿ ಅದಕ್ಕೊಂದು ಆಸರೆ ಇರುತ್ತದೆ: ಕಲ್ಲು, ಮೂತ್ರ ಹಿಂದಕ್ಕೆ ಹರಿಯುವ ದೋಷ, ಊದಿದ ಪ್ರಾಸ್ಟೇಟ್. ಸಕ್ಕರೆ ಕಾಯಿಲೆ ಜೊತೆಗಿದ್ದರೆ ಇನ್ನೂ ಕಷ್ಟ. ಕರಾವಳಿಯ ಸೆಕೆಯಲ್ಲಿ ನೀರೆಲ್ಲ ಬೆವರಾಗಿ ಹೋಗಿ ಮೂತ್ರ ಗಟ್ಟಿಯಾಗುತ್ತದೆ. ಶೌಚಾಲಯದ ತಾಪತ್ರಯ ಬೇಡವೆಂದು ನೀರನ್ನೇ ಕಡಿಮೆ ಕುಡಿದು ಮೀನು ಮಾರುತ್ತ ಕೂರುವ ಹೆಂಗಸರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾಗಳಂತೂ ಯೂರಿಯಾವನ್ನು ಒಡೆದು ಕಲ್ಲು ಬೆಳೆಯಲು ನೆರವಾಗುತ್ತವೆ, ಆಮೇಲೆ ಆ ಕಲ್ಲಿನೊಳಗೇ ಅಡಗುತ್ತವೆ. ಮುರುಗಲು ಪಾನಕ, ಎಳನೀರು ಬಾಯಾರಿಕೆಗೆ ಒಳ್ಳೆಯವೇ. ಆದರೆ ಕಲ್ಲಿನೊಳಗೆ ಅಡಗಿದ ಬ್ಯಾಕ್ಟೀರಿಯಾಗಳವರೆಗೆ ಅವುಗಳ ಕೈ ಎಟುಕುವುದಿಲ್ಲ.

ಒಂದು ವರದಿಯನ್ನು ಊಹಿಸಿಕೊಳ್ಳಿ. ಬಿಳಿ ರಕ್ತಕಣ 9,800; ನ್ಯೂಟ್ರೋಫಿಲ್ ಶೇ. 78, ಲಿಂಫೋಸೈಟ್ ಶೇ. 15, ಪ್ಲೇಟ್‌ಲೆಟ್ 4.8 ಲಕ್ಷ, ಹಿಮೋಗ್ಲೋಬಿನ್ 9.6. ಬಿಳಿ ಕಣಗಳ ಒಟ್ಟು ಸಂಖ್ಯೆ 11,000ದ ಗಡಿಯೊಳಗೇ ಇದೆ. ಆದರೆ 78ನ್ನು 15ರಿಂದ ಭಾಗಿಸಿ: 5.2. ಆರೋಗ್ಯವಂತರಲ್ಲಿ ಈ ಅನುಪಾತ ಹೆಚ್ಚಾಗಿ 1ರಿಂದ 3ರ ನಡುವೆ ಇರುತ್ತದೆ. ಉರಿಯೂತ ಇದ್ದಾಗ ಮೂಳೆಮಜ್ಜೆ ನ್ಯೂಟ್ರೋಫಿಲ್‌ಗಳನ್ನು ಹೆಚ್ಚು ಹೆಚ್ಚು ಹೊರಬಿಡುತ್ತದೆ, ಲಿಂಫೋಸೈಟ್ ಪಾಲು ಕುಗ್ಗುತ್ತದೆ. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಯಕೃತ್ತಿನಿಂದ ಮೂರು ಕೆಲಸ ಮಾಡಿಸುತ್ತದೆ: ಪ್ಲೇಟ್‌ಲೆಟ್ ಹೆಚ್ಚಿಸುವ ಹಾರ್ಮೋನು ತಯಾರಾಗುತ್ತದೆ, ಉರಿಯೂತದ ಗುರುತಾದ ಸಿಆರ್‌ಪಿ ಏರುತ್ತದೆ, ಹೆಪ್ಸಿಡಿನ್ ಹುಟ್ಟಿ ಕಬ್ಬಿಣವನ್ನು ದಾಸ್ತಾನಿನಲ್ಲೇ ಕೂಡಿಹಾಕುತ್ತದೆ. ಹೀಗೆ ರಕ್ತ ಕಡಿಮೆಯಾದವರಿಗೆ ಬರೀ ಕಬ್ಬಿಣದ ಮಾತ್ರೆ ನುಂಗಿಸಿದರೆ ಅಷ್ಟೇನೂ ಏರುವುದಿಲ್ಲ. ಇಎಸ್‌ಆರ್ (ಕೆಂಪು ಕಣಗಳು ತಳ ಸೇರುವ ವೇಗ) ಹೆಚ್ಚುವುದಕ್ಕೆ ಮುಖ್ಯ ಕಾರಣ ಫೈಬ್ರಿನೋಜನ್ ಎಂಬ ಪ್ರೋಟೀನು. ಅದು ಹೆಚ್ಚಾದಾಗ ಕೆಂಪು ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿ ಬೇಗ ತಳ ಸೇರುತ್ತವೆ.

ಈ ಕರಾವಳಿಯ ಬೇರೆ ಜ್ವರಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಡೆಂಗ್ಯೂನಲ್ಲಿ ಬಿಳಿ ಕಣವೂ ಪ್ಲೇಟ್‌ಲೆಟ್ಟೂ ಸಾಮಾನ್ಯವಾಗಿ ಇಳಿಯುತ್ತವೆ. ಮೂತ್ರಪಿಂಡಕ್ಕೂ ಏಟು ಕೊಡುವ ಇಲಿಜ್ವರದಲ್ಲಿ ನ್ಯೂಟ್ರೋಫಿಲ್ ಏರಿ ಪ್ಲೇಟ್‌ಲೆಟ್ ಇಳಿಯುವುದುಂಟು. ಹಳೆಯ ಸೋಂಕಿನಲ್ಲಿ ಎರಡೂ ಏರಬಹುದು. ಇದು ಸುಳಿವು ಮಾತ್ರ. ಸ್ಟಿರಾಯ್ಡ್ ಮಾತ್ರೆಯೂ ನ್ಯೂಟ್ರೋಫಿಲ್ ಹೆಚ್ಚಿಸುತ್ತದೆ, ಗರ್ಭಿಣಿಯರಲ್ಲಿ ಇಎಸ್‌ಆರ್ ತಾನಾಗಿಯೇ ಹೆಚ್ಚು. ಎಲ್ಲೋ ಉರಿಯೂತ ಇದೆ ಎಂದಷ್ಟೇ ರಕ್ತ ಹೇಳೀತು. ಎಲ್ಲಿ ಎಂಬುದನ್ನು ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಿಂದಲೇ ತಿಳಿಯಬೇಕು.

ಮೂತ್ರದ ಕಲ್ಚರ್‌ಗೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು, ಅದೂ ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಎರಡು ಮಾತ್ರೆ ಸಾಕು, ಕಲ್ಚರ್ ಕೆಡಿಸಲು. ಕೀವುಕಣ ತುಂಬಿದ್ದರೂ ಮತ್ತೆ ಮತ್ತೆ ಏನೂ ಬೆಳೆಯದಿದ್ದರೆ ಕ್ಷಯವನ್ನು ಮರೆಯಬಾರದು. ರಕ್ತಕಣಗಳ ಎಣಿಕೆ ಸಣ್ಣ ಊರಿನ ಲ್ಯಾಬಿನಲ್ಲೂ ಆಗುತ್ತದೆ. ಮುಂದಿನ ತಪಾಸಣೆಗೆ ಅಂಕೋಲೆಯವರು ಜಿಲ್ಲಾಸ್ಪತ್ರೆ ಸೇರಿಕೊಂಡಿರುವ ಕಾರವಾರದ ವೈದ್ಯಕೀಯ ಕಾಲೇಜು ಕ್ರಿಮ್ಸ್‌ಗೋ, ಇನ್ನೂ ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಗೋವಾಕ್ಕೋ ಹೋಗುತ್ತಾರೆ. ದೂರದ ಪ್ರಯಾಣವಾದ್ದರಿಂದ ಹಳೆಯ ವರದಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ.

ಕಲ್ಲು ತೆಗೆದು ಸೋಂಕು ಹತೋಟಿಗೆ ಬಂದ ಮೇಲೂ ಅಂಕಿಗಳು ಒಟ್ಟಿಗೆ ಸರಿಹೋಗುವುದಿಲ್ಲ. ಸಿಆರ್‌ಪಿ ಕೆಲವೇ ದಿನಗಳಲ್ಲಿ ತಗ್ಗುತ್ತದೆ, ಇಎಸ್‌ಆರ್‌ಗೆ ವಾರಗಳು ಬೇಕು, ಹಿಮೋಗ್ಲೋಬಿನ್ ಏರುವುದು ಅದಕ್ಕಿಂತ ನಿಧಾನ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕಥೆ ಬೇರೆ: ಮೂತ್ರಪಿಂಡದಲ್ಲಿ ಒಮ್ಮೆ ಗಾಯದ ಕಲೆ ಕಟ್ಟಿದ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ.