ಕೂಡ್ಲಿಗಿ ಬಿಸಿಲಲ್ಲಿ ಮರಳಿನ ಗ್ರಹ

ಈಗ ಏನು ಓದ್ತಿದ್ದೀರಿ?

ನೋಡಿ, ಈ ಪ್ರಶ್ನೆಯನ್ನ ನಮ್ಮಲ್ಲಿ ಯಾರೂ ಯಾರಿಗೂ ಕೇಳೋದಿಲ್ಲ. ಮಳೆ ಆಯ್ತಾ ಅಂತ ಕೇಳ್ತೀವಿ. ಈರುಳ್ಳಿ ರೇಟು ಎಷ್ಟಿದೆ, ಮೆಕ್ಕೆಜೋಳ ಮಾರಿದ್ರಾ, ಈ ಸಲ ಟಿಕೆಟ್ ಯಾರಿಗೆ, ಎಲ್ಲಾ ಕೇಳ್ತೀವಿ. ಏನು ಓದ್ತಿದ್ದೀರಿ ಅಂತ ಮಾತ್ರ ಕೇಳಲ್ಲ. ಹಾಗಾಗಿ ವಿಜಯನಗರ ಜಿಲ್ಲೆಯ ಪಶ್ಚಿಮದ ಐದು ತಾಲೂಕುಗಳ ವೀಕ್ಷಕರಿಗೆ ನಾನೇ ಈ ಪ್ರಶ್ನೆ ಹಾಕಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಅದರಲ್ಲೂ ಒಂದು ಷರತ್ತು. ಪಠ್ಯಪುಸ್ತಕ ಬೇಡ, ಕೆಪಿಎಸ್‌ಸಿ ಗೈಡ್ ಬೇಡ. ನಡೆಯದೇ ಇದ್ದದ್ದನ್ನ, ಎಂದೂ ನಡೆಯಲಾರದ್ದನ್ನ ಹೇಳುವ ಪುಸ್ತಕ ಬೇಕು. ವಿಜ್ಞಾನ ಕಾದಂಬರಿ, ಮಾಯಾಲೋಕದ ಕತೆ, ಅಂಥದ್ದು.

ಯಾರೂ ಮಾತಾಡಲ್ಲ ಅಂದುಕೊಂಡವರೇ ಹೆಚ್ಚು. ಆದರೆ ಉತ್ತರ ಬಂತು. ಕೊಟ್ಟೂರಿನ ಹಾಸ್ಟೆಲ್ ಹುಡುಗನೊಬ್ಬ, "ಸರ್, ಕರ್ವಾಲೊ ಎರಡನೇ ಸಲ ಓದಾಕ ಹತ್ತೀನ್ರಿ, ಆ ಓತಿಕ್ಯಾತ ಸಿಗಬೇಕಿತ್ರಿ" ಅಂದ. ಹರಪನಹಳ್ಳಿಯ ನಿವೃತ್ತ ಮೇಷ್ಟ್ರು, "ಶಿಖರಸೂರ್ಯ ಹಿಡಿದೀನಪ್ಪಾ, ದಪ್ಪ ಐತಿ, ಸಂಕ್ರಾಂತಿಗೆ ಮುಗಿತೈತಿ" ಅಂದರು. ಹಡಗಲಿಯ ತಾಯಿಯೊಬ್ಬರು ಮದುವೆಗೆ ಮುಂಚೆ ಓದಿದ್ದ ತುಳಸಿದಳವನ್ನ ಮಗಳ ಜೊತೆ ಮತ್ತೆ ಓದ್ತಿದ್ದಾರಂತೆ, ರಾತ್ರಿ ಮಾತ್ರ ಮುಟ್ಟಲ್ಲವಂತೆ! ಕೂಡ್ಲಿಗಿಯ ಕಾಲೇಜು ಹುಡುಗಿ ಹೇಳಿದ್ದು ಇಂಗ್ಲಿಷಿನ 'ಡ್ಯೂನ್'. ಮೊಬೈಲಲ್ಲಿ ಸಿನಿಮಾ ನೋಡಿ, ಆಮೇಲೆ ಪುಸ್ತಕ ಹುಡುಕಿಕೊಂಡವಳು. ಹಗರಿಬೊಮ್ಮನಹಳ್ಳಿಯ ಬಸ್ ಕಂಡಕ್ಟರ್ ಒಬ್ಬರು ಮಾತ್ರ ನನಗೇ ತಿರುಗಿ ಪ್ರಶ್ನೆ ಹಾಕಿದರು. "ಅಲ್ಲ ಸರ್, ಸುಳ್ಳು ಕತಿ ಓದಿ ಏನ್ ಉಪಯೋಗ?"

ಇವತ್ತು ಆ ಪ್ರಶ್ನೆಗೇ ಉತ್ತರ ಹೇಳ್ತೀನಿ. ಯಾಕಂದ್ರೆ ಅದು ಒಬ್ಬ ಕಂಡಕ್ಟರ್ ಪ್ರಶ್ನೆ ಅಲ್ಲ. ಮಗ ಕಾದಂಬರಿ ಹಿಡಿದರೆ ಕಿತ್ತುಕೊಳ್ಳುವ ಪ್ರತಿಯೊಬ್ಬ ಅಪ್ಪನ ಪ್ರಶ್ನೆ.

ಮೊದಲು ನಿಮ್ಮ ಮನೆ ಮಾಳಿಗೆ ಮೇಲೆ ಹೋಗಿ. ಅಲ್ಲೊಂದು ಡಿಶ್ ಇದೆ. ಅದು ಆಕಾಶದ ಒಂದೇ ಬಿಂದುವಿನ ಕಡೆ ಮುಖ ಮಾಡಿ ಕೂತಿದೆ. ಯಾಕೆ ಅಲ್ಲಾಡಲ್ಲ? ಅದು ನೋಡ್ತಿರೋ ಉಪಗ್ರಹ ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಿರುಗುತ್ತದೆ. ಸಮಭಾಜಕದ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸರಿಯಾಗಿ ಒಂದು ದಿನ ಬೇಕು. ಹಾಗಾಗಿ ಕೆಳಗಿನಿಂದ ನೋಡುವವರಿಗೆ ಅದು ನಿಂತಲ್ಲೇ ನಿಂತ ಹಾಗೆ. ಅಂಥ ಮೂರು ನಿಲ್ದಾಣ ಇಟ್ಟರೆ ಹೆಚ್ಚೂಕಡಿಮೆ ಇಡೀ ಭೂಮಿಗೆ ಸುದ್ದಿ ಮುಟ್ಟಿಸಬಹುದು ಅಂತ 1945ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಬಂತು. ಆಗ ಮನುಷ್ಯ ಒಂದು ಉಪಗ್ರಹವನ್ನೂ ಹಾರಿಸಿರಲಿಲ್ಲ. ಬರೆದವನು ಆರ್ಥರ್ ಸಿ. ಕ್ಲಾರ್ಕ್, ಮುಂದೆ ಜಗತ್ತೇ ಓದಿದ ವಿಜ್ಞಾನ ಕಾದಂಬರಿಕಾರ. ಹತ್ತೊಂಬತ್ತು ವರ್ಷ ಕಳೆದು, 1964ರಲ್ಲಿ ಅಂಥ ಉಪಗ್ರಹ ನಿಜಕ್ಕೂ ಮೇಲೆ ನಿಂತಿತು.

1975ರಲ್ಲಿ ನಮ್ಮ ದೇಶ ಅಮೆರಿಕದ ಉಪಗ್ರಹವೊಂದನ್ನ ಒಂದು ವರ್ಷ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರದ ಹಳ್ಳಿಗಳು ಅದರಲ್ಲಿದ್ದವು. ಆಗ ಶ್ರೀಲಂಕಾದಲ್ಲಿ ವಾಸವಾಗಿದ್ದ ಕ್ಲಾರ್ಕ್ ಮನೆಗೂ ನಮ್ಮ ಇಸ್ರೋದವರು ಹೋಗಿ ಒಂದು ಡಿಶ್ ಕೂರಿಸಿ ಬಂದರು. ಇವತ್ತು ನನ್ನ ಮುಖ ನಿಮ್ಮ ನಡುಮನೆಗೆ ಬರ್ತಿರೋದೂ ಅದೇ ದಾರಿಯಲ್ಲಿ. ಕಂಡಕ್ಟರ್ ಸಾಹೇಬ್ರೇ, ಉಪಯೋಗ ಏನು ಅಂದ್ರಿ. ಒಂದು ಉಪಯೋಗ ನಿಮ್ಮ ಮಾಳಿಗೆ ಮೇಲೇ ಇದೆ.

ಈಗ ಎರಡು ಪದ ಬಿಡಿಸಿಕೊಳ್ಳೋಣ. ವಿಜ್ಞಾನ ಕಾದಂಬರಿ ಅಂದರೇನು? "ಹೀಗಾದರೆ?" ಅಂತ ಒಂದು ಪ್ರಶ್ನೆ ಹಾಕಿಕೊಂಡು, ಪ್ರಕೃತಿಯ ನಿಯಮದ ಲೆಕ್ಕ ತಪ್ಪದ ಹಾಗೆ ಕೊನೇವರೆಗೆ ನಡೆಯೋದು. ಫ್ಯಾಂಟಸಿ ಅಂದರೆ? ನಿಯಮವನ್ನೇ ಬದಲಿಸೋದು. ಅಲ್ಲಿ ಹೆಣ ಮಾತಾಡಬಹುದು, ಬೆಟ್ಟ ನಡೆಯಬಹುದು. ಆದರೆ ಒಂದು ಸಲ ಹಾಕಿದ ಹೊಸ ನಿಯಮಕ್ಕೆ ಕತೆಗಾರ ಕೊನೇವರೆಗೂ ನಿಷ್ಠನಾಗಿರಬೇಕು. ಮೊದಲನೆಯದು ಇಂಜಿನಿಯರ್ ಕಲ್ಪನೆ, ಎರಡನೆಯದು ಅಜ್ಜಿಯ ಕಲ್ಪನೆ ಅಂದುಕೊಳ್ಳಿ. ಎರಡಕ್ಕೂ ಬುದ್ಧಿ ಬೇಕು.

ಫ್ಯಾಂಟಸಿ ನಮಗೆ ಹೊರಗಿನಿಂದ ಬಂತಾ? ಖಂಡಿತ ಇಲ್ಲ. ಹಡಗಲಿ ತಾಲೂಕಿನ ಮೈಲಾರಕ್ಕೆ ಹೋಗಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಗನಮರಡಿಯಲ್ಲಿ ಲಕ್ಷಾಂತರ ಜನ ಸೇರ್ತಾರೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತಾನೆ. ಅಷ್ಟು ಜನಸಾಗರ ಒಂದೇ ಕ್ಷಣಕ್ಕೆ ಮೌನ. ಆಮೇಲೆ ಒಂದೇ ಒಂದು ವಾಕ್ಯ. ಅದೇ ಕಾರಣಿಕ. ಮನೆಗೆ ಹೋಗುವ ದಾರಿಯುದ್ದಕ್ಕೂ ರೈತ ಅದರಲ್ಲಿ ಮಳೆ ಹುಡುಕ್ತಾನೆ, ರಾಜಕಾರಣಿ ಕುರ್ಚಿ ಹುಡುಕ್ತಾನೆ, ವ್ಯಾಪಾರಿ ಧಾರಣೆ ಹುಡುಕ್ತಾನೆ. ಅದು ನಂಬಿಕೆಯ ವಿಷಯ, ಅದರ ಸತ್ಯಾಸತ್ಯ ನಾನಿಲ್ಲಿ ತೂಗ್ತಿಲ್ಲ. ನಾನು ಹೇಳೋದು ಇಷ್ಟೇ: ಮೂರ್ನಾಲ್ಕು ಪದಗಳಿಂದ ಬರುವ ವರ್ಷವನ್ನೇ ಕಟ್ಟಿಕೊಳ್ಳುವ ಈ ಜನಕ್ಕೆ ಕಲ್ಪನೆ ಕಲಿಸಿಕೊಡಬೇಕಾಗಿಲ್ಲ.

ಇನ್ನೊಂದು ಕೇಳಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಅಂದರು. ಅಲ್ಲಿಗೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ, 1807ರವರೆಗೆ ಇದ್ದ. ಪಾಳೆಯಗಾರರನ್ನ ಬಗ್ಗಿಸಿದ, ಹೊಲ ಅಳೆಸಿದ, ರೈತವಾರಿ ಕಂದಾಯಕ್ಕೆ ಬುನಾದಿ ಹಾಕಿದ. ಇದು ದಫ್ತರದ ಇತಿಹಾಸ. ಆದರೆ ಜನ ಏನು ಮಾಡಿದರು? ಆ ಇಂಗ್ಲಿಷ್ ಅಧಿಕಾರಿಯನ್ನೇ ಪವಾಡದ ಕತೆಯೊಳಗೆ ಎಳೆದುಕೊಂಡರು. ಮಂತ್ರಾಲಯದಲ್ಲಿ ರಾಯರು ಅವನಿಗೆ ಮಾತ್ರ ಕಾಣಿಸಿ ಮಾತಾಡಿದರು ಅಂತ ಇವತ್ತಿಗೂ ಹೇಳ್ತಾರೆ.

ಈ ಎರಡನ್ನೂ, ಅಂದರೆ ದಫ್ತರ ಮತ್ತು ಪವಾಡ ಎರಡನ್ನೂ, ಒಂದೇ ಪುಸ್ತಕದಲ್ಲಿ ಕೂರಿಸಿದವರು ನಿಮ್ಮ ಊರಿನವರೇ. ಕೊಟ್ಟೂರಿನ ಕುಂ. ವೀರಭದ್ರಪ್ಪ, ನಮ್ಮೆಲ್ಲರ ಕುಂವೀ. ಅವರ 'ಅರಮನೆ' ಕಾದಂಬರಿಯಲ್ಲಿ ಮನ್ರೋ ಇದ್ದಾನೆ, ಮುಳುಗುತ್ತಿರುವ ಪಾಳೆಯಗಾರಿಕೆ ಇದೆ, ಜನರ ನಡುವೆ ಓಡಾಡುವ ದೈವ ಇದೆ. ಯಾವುದು ಇತಿಹಾಸ, ಯಾವುದು ಮಾಯೆ ಅಂತ ಗೆರೆ ಎಳೆಯೋಕೆ ಹೋದರೆ ಕೈ ಸೋಲುತ್ತದೆ. 2007ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊಲಂಬಿಯಾದ ಮಾರ್ಕ್ವೆಜ್ ಇಂಥದ್ದನ್ನ ಬರೆದಾಗ ಜಗತ್ತು ಮಾಂತ್ರಿಕ ವಾಸ್ತವ ಅಂತ ಹೆಸರಿಟ್ಟಿತು. ನಮ್ಮ ಕಡೆ ಹೆಸರಿಡದೆ ಕಟ್ಟೆ ಮೇಲೆ ಹೇಳ್ತಾ ಬಂದಿದ್ದೂ ಅದನ್ನೇ. ಉದ್ದುದ್ದ ವಾಕ್ಯ, ಕಷ್ಟ ಅಂತ ಕೆಲವರು ಪುಸ್ತಕ ಮಡಚಿಡ್ತಾರೆ. ಒಂದು ಉಪಾಯ ಹೇಳ್ತೀನಿ, ಜೋರಾಗಿ ಓದಿ. ಬಯಲಾಟದ ಮಾತು ಕೇಳಿದ ಕಿವಿಗೆ ಅದು ತಾನಾಗಿ ಇಳಿಯುತ್ತದೆ.

ಅಂದಹಾಗೆ, ಕಾಲಯಾನ ಬೇಕು ಅನ್ನುವವರು ಹರಪನಹಳ್ಳಿ ನೋಡಬೇಕು. ಊರು ಇದ್ದಲ್ಲೇ ಇದೆ. 1997ಕ್ಕೆ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯ್ತು! ಬೀಚಿ ಹುಟ್ಟಿದ ಊರು ಅದು, ಅವರಿದ್ದಿದ್ದರೆ ತಿಂಮನ ಬಾಯಲ್ಲಿ ಏನು ಹೇಳಿಸ್ತಿದ್ದರೋ.

ಈಗ ಕೂಡ್ಲಿಗಿ ಹುಡುಗಿಯ 'ಡ್ಯೂನ್'ಗೆ ಬರ್ತೀನಿ. 1965ರಲ್ಲಿ ಫ್ರಾಂಕ್ ಹರ್ಬರ್ಟ್ ಬರೆದ ಕಾದಂಬರಿ. ಅರಾಕಿಸ್ ಅನ್ನೋ ಗ್ರಹ, ಬರೀ ಮರಳು. ಅಲ್ಲಿನ ಜನ ಬೆವರನ್ನೂ ಬಿಡದೆ ಸೋಸಿ ಕುಡಿಯುವ ಉಡುಪು ತೊಡ್ತಾರೆ. ಅಲ್ಲಿ ಒಬ್ಬರ ಮುಂದೆ ಉಗುಳಿದರೆ ಅವಮಾನ ಅಲ್ಲ, ಗೌರವ. ಯಾಕೆ? ಮೈಯ ನೀರನ್ನೇ ಕೊಟ್ಟ ಹಾಗೆ. ಆ ಗ್ರಹವನ್ನ ಹಸಿರು ಮಾಡೋಕೆ ತಲೆಮಾರುಗಳ ಲೆಕ್ಕ ಹಾಕಿ, ಗುಟ್ಟಾಗಿ ನೀರು ಕೂಡಿಡ್ತಾರೆ. ತಮ್ಮ ಕಾಲದಲ್ಲಿ ಅದು ಆಗಲ್ಲ ಅಂತ ಗೊತ್ತಿದ್ದೂ ಕೂಡಿಡ್ತಾರೆ. ಲೇಖಕನಿಗೆ ಈ ಯೋಚನೆ ಹುಟ್ಟಿದ್ದು ಅಮೆರಿಕದ ಆರಿಗನ್ ಕರಾವಳಿಯಲ್ಲಿ, ಮರಳು ದಿಬ್ಬಗಳು ಜರುಗದ ಹಾಗೆ ಹುಲ್ಲು ಬೆಳೆಸುತ್ತಿದ್ದ ಕೆಲಸ ನೋಡಿದಾಗ.

ಲಂಡನ್ನಿನಲ್ಲಿ ಕೂತು ಇದನ್ನ ಓದಿದರೆ ರೋಚಕ ಕತೆ. ಕೂಡ್ಲಿಗಿಯಲ್ಲಿ ಓದಿದರೆ? ಬೋರ್‌ವೆಲ್ ಸಾವಿರ ಅಡಿ ಹೋದರೂ ಬರೀ ಧೂಳು ಬರುವುದನ್ನ ಕಂಡವರು, ಸಿಕ್ಕ ನೀರಲ್ಲೂ ಫ್ಲೋರೈಡ್ ಅಂತ ಹೆದರಿದವರು, ಸುಗ್ಗಿ ಮುಗಿದ ಮೇಲೆ ಬೀಗ ಹಾಕಿ ಗುಳೆ ಹೋಗುವ ಬೀದಿಗಳನ್ನ ನೋಡಿದವರು ನೀವು. ಆ ಹುಡುಗಿ ನನಗೆ ಹೇಳಿದ್ದು, "ಸರ್, ಇದು ಬ್ಯಾರೆ ಗ್ರಹ ಅನಸಲಿಲ್ರಿ." ದೂರದ ಕತೆ ಹತ್ತಿರದ ಊರನ್ನ ತೋರಿಸಿತು. ಒಳ್ಳೆಯ ವಿಜ್ಞಾನ ಕಾದಂಬರಿ ಮಾಡುವ ಕೆಲಸ ಇದೇ. ಕೆರೆ ಹೂಳು ತೆಗೆಸಬೇಕಾ ಬೇಡವಾ ಅನ್ನೋ ಚರ್ಚೆಗೆ ಕೂತಾಗ, ಮುಂದಿನ ಐವತ್ತು ವರ್ಷ ಯೋಚಿಸುವ ತಾಕತ್ತು ಆ ಹುಡುಗಿಗೆ ಇರುತ್ತದೆ.

ಕನ್ನಡದಲ್ಲೇ ಬೇಕು ಅನ್ನುವವರಿಗೆ ಚಿಕ್ಕ ಪಟ್ಟಿ. ತೇಜಸ್ವಿಯವರ 'ಕರ್ವಾಲೊ', 1980ರದು. ಹಾರುವ ಓತಿ ಹುಡುಕುತ್ತಾ ಕಾಡಿಗೆ ಹೊರಟವರು ಕೋಟ್ಯಂತರ ವರ್ಷಗಳ ಜೀವವಿಕಾಸದ ಎದುರು ನಿಲ್ತಾರೆ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನ ಕಾದಂಬರಿಗೆ ದಾರಿ ಮಾಡಿದವರಲ್ಲಿ ಪ್ರಮುಖರು, ಅವರ 'ಮನ್ವಂತರ' ಹುಡುಕಿ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ಇತಿಹಾಸ, ವಿಜ್ಞಾನ, ಪತ್ತೇದಾರಿ ಮೂರನ್ನೂ ಬೆರೆಸಿದ್ದು. ಪೂರ್ತಿ ಮಾಯಾಲೋಕವೇ ಬೇಕು ಅಂದರೆ ಕಂಬಾರರ 'ಶಿಖರಸೂರ್ಯ'. ತೆಲುಗಿನ ಯಂಡಮೂರಿಯವರ 'ತುಳಸಿದಳ' ಅಂತೂ ಕನ್ನಡಕ್ಕೆ ಬಂದಾಗ ಮನೆಮನೆಯಲ್ಲಿ ನಿದ್ದೆ ಕೆಡಿಸಿತ್ತು.

ತುಳಸಿದಳದ ಹೆಸರು ಬಂತಲ್ಲ, ಇಲ್ಲೇ ಮುಖ್ಯವಾದ ಮಾತು ಇದೆ. ಕಾದಂಬರಿಯೊಳಗಿನ ಮಾಟ ರೋಮಾಂಚನ. ಅದೇ ಮಾಟ ಊರೊಳಗೆ ನಿಜ ಅಂತ ಇಳಿದರೆ ಒಬ್ಬ ಹೆಂಗಸಿನ ಮೇಲೆ ಅಪವಾದ, ಹೊಡೆತ, ಬಹಿಷ್ಕಾರ. ಇಂಥದ್ದನ್ನ ತಡೆಯೋಕೆ 2017ರಲ್ಲಿ ಕರ್ನಾಟಕ ಕಾನೂನನ್ನೇ ಮಾಡಬೇಕಾಯ್ತು. ಕತೆಗೂ ಮೋಸಕ್ಕೂ ಇರುವ ವ್ಯತ್ಯಾಸ ಒಂದೇ. ಕತೆ ಮೊದಲೇ ಹೇಳಿಬಿಡುತ್ತದೆ, ನಾನು ಕತೆ ಅಂತ. ಮೋಸ ಹೇಳಲ್ಲ.

ಉದಾಹರಣೆ ಕೊಡ್ತೀನಿ. 'ವೈಮಾನಿಕ ಶಾಸ್ತ್ರ' ಅಂತ ಒಂದು ಗ್ರಂಥ. ಪುರಾತನ ಭಾರದ್ವಾಜ ಮಹರ್ಷಿಯದು ಅಂತ ಪ್ರಚಾರ. ವಾಸ್ತವದಲ್ಲಿ ಅದನ್ನ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಮೊದಲ ಭಾಗದಲ್ಲಿ ಬಾಯಲ್ಲಿ ಹೇಳಿ ಬರೆಸಿದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಅದನ್ನ ಕೂಲಂಕಷ ಪರಿಶೀಲಿಸಿದರು. ಭಾಷೆ ನೋಡಿದರು, ನಕ್ಷೆ ನೋಡಿದರು, ಲೆಕ್ಕ ಹಾಕಿದರು. ಗ್ರಂಥ ಪ್ರಾಚೀನ ಅಲ್ಲ, ಅದರಲ್ಲಿರುವ ವಿಮಾನಗಳು ಹಾರಲಾರವು ಅಂದರು. ನನ್ನ ಪ್ರಕಾರ, ಅದರ ಮುಖಪುಟದ ಮೇಲೆ 'ಕಾದಂಬರಿ' ಅಂತ ಅಚ್ಚು ಹಾಕಿದ್ದರೆ ಕನ್ನಡ ನಾಡಿನ ಮೊದಮೊದಲ ವಿಜ್ಞಾನ ಕಲ್ಪನೆಗಳಲ್ಲಿ ಒಂದು ಅಂತ ನಾವೇ ಹೆಮ್ಮೆಪಡಬಹುದಿತ್ತು. ಶಾಸ್ತ್ರ ಅಂತ ಅಚ್ಚಾಯ್ತು, ಜಗಳ ಇವತ್ತಿಗೂ ನಿಂತಿಲ್ಲ.

2012ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ಎಷ್ಟು ಗದ್ದಲ ಆಗಿತ್ತು, ನೆನಪಿದೆಯಲ್ಲ? ಪ್ರಳಯದ ನಾಲ್ಕು ಕಾದಂಬರಿ ಓದಿದವನು ಅವತ್ತು ನಕ್ಕು ಮಲಗಿದ. ಕತೆ ಹೇಗೆ ಕಟ್ತಾರೆ ಅಂತ ಅವನಿಗೆ ಗೊತ್ತು. ಒಂದೂ ಓದದವನು ಹೆದರಿದ. ವಾಟ್ಸಾಪಿನಲ್ಲಿ ಇವತ್ತು ಬರ್ತಿರೋ ಅರ್ಧ ಸುದ್ದಿ ಕೆಟ್ಟದಾಗಿ ಬರೆದ ಫ್ಯಾಂಟಸಿ, ಸ್ವಾಮಿ. ಒಳ್ಳೆಯ ಫ್ಯಾಂಟಸಿ ಓದಿದವನಿಗೆ ಕೆಟ್ಟದರ ವಾಸನೆ ಬೇಗ ಹತ್ತುತ್ತದೆ. ಕಂಡಕ್ಟರ್ ಸಾಹೇಬ್ರೇ, ಇದು ಎರಡನೇ ಉಪಯೋಗ.

ಸರಿ, ಪುಸ್ತಕ ಎಲ್ಲಿ ಸಿಗುತ್ತೆ ಅಂತೀರಾ? ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಲೇಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯ ರಸೀದಿ ತೆಗೆದು ನೋಡಿ, ಸಾಲು ಇರುತ್ತದೆ. ಅಂದರೆ ಗ್ರಂಥಾಲಯದ ಪುಸ್ತಕ ಸರ್ಕಾರದ ದಾನ ಅಲ್ಲ, ನಿಮ್ಮ ದುಡ್ಡು. 2019ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ, ಈಗ ಅರಿವು ಕೇಂದ್ರ ಅಂತಾರೆ. 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಆದರೆ ಎಷ್ಟೋ ಕಡೆ ಕಪಾಟಿನ ತುಂಬ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ. ಅವೂ ಬೇಕು, ಬೇಡ ಅನ್ನಲ್ಲ. ಆದರೆ ಪರೀಕ್ಷೆ ಪಾಸಾಗೋಕೆ ಮಾತ್ರ ಓದಿದ ಹುಡುಗ ಕೆಲಸ ಸಿಕ್ಕ ದಿನವೇ ಪುಸ್ತಕ ಮುಚ್ಚುತ್ತಾನೆ. ಹುಚ್ಚು ಹಿಡಿಸಿಕೊಂಡು ಓದಿದವನು ಸಾಯುವ ತನಕ ಮುಚ್ಚಲ್ಲ.

ಹಾಗಾಗಿ ಮೂರು ಕೆಲಸ ಮಾಡಿ. ಒಂದು, ಈ ವಾರ ನಿಮ್ಮ ಊರಿನ ಅರಿವು ಕೇಂದ್ರಕ್ಕೆ ಹೋಗಿ, ನಾನು ಹೇಳಿದ ಪುಸ್ತಕಗಳ ಹೆಸರು ಒಂದು ಚೀಟಿಯಲ್ಲಿ ಬರೆದು ಮೇಲ್ವಿಚಾರಕರಿಗೆ ಕೊಡಿ. ಇಲ್ಲ ಅಂದರೆ ತರಿಸಿ ಅನ್ನಿ. ಎರಡು, ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಪುಸ್ತಕದ ಬಗ್ಗೆಯೂ ಒಂದು ಮಾತು ಎತ್ತಿ. ಮೂರು, ಮಗ ಕಾದಂಬರಿ ಹಿಡಿದಾಗ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು, "ಏನ್ ಓದಾಕ ಹತ್ತೀಯಪ್ಪಾ, ನಂಗೂ ಹೇಳು" ಅನ್ನಿ.

ಅಷ್ಟೇ ಸಾಕು. ಉಳಿದದ್ದನ್ನ ಅವನೇ ಹೇಳ್ತಾನೆ.