ಹಡಗಿನ ಹೊಗೆ, ಸಗಣಿಯ ಲೆಕ್ಕ

1997ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊದಲ್ಲಿ ದೇಶಗಳೆಲ್ಲ ಕೂತು ಒಪ್ಪಿದ ಒಂದೇ ಪತ್ರ ಎರಡು ಕೆಲಸ ಮಾಡಿತು. ಸಮುದ್ರ ದಾಟಿ ಓಡಾಡುವ ಹಡಗುಗಳ ಹೊಗೆಯನ್ನು ಯಾವ ದೇಶದ ಖಾತೆಗೂ ಬರೆಯದೆ ಬಿಟ್ಟಿತು. ಬಡ ದೇಶಗಳಲ್ಲಿ ತಗ್ಗಿದ ಹೊಗೆಯನ್ನು ಟನ್ ಲೆಕ್ಕದಲ್ಲಿ ಅಳೆದು ಮಾರುವುದಕ್ಕೆ ದಾರಿ ಮಾಡಿತು. ಮೊದಲನೆಯದರ ಲಾಭ ಹಡಗು ಕಂಪನಿಗಳಿಗಾಯಿತು. ಎರಡನೆಯದು ಬಂದು ತಲುಪಿದ್ದು ಕೋಲಾರ ಸೀಮೆಯ ಕೊಟ್ಟಿಗೆಗೆ.

ಹಡಗಿನ ಹೊಗೆಯನ್ನು ಕೈಬಿಟ್ಟದ್ದಕ್ಕೆ ನೆಪ ಇತ್ತು. ಪಣಂಬೂರಿನ ಬಂದರಿಗೆ ಚಳಿಗಾಲದಲ್ಲಿ ಬರುವ ಪ್ರವಾಸಿ ಹಡಗನ್ನೇ ನೋಡಿ. ಮಾಲೀಕ ಒಂದು ದೇಶದವನು, ಬಾವುಟ ಬಹಾಮಾಸ್‌ದೋ ಪನಾಮಾದೋ, ಎಣ್ಣೆ ತುಂಬಿಸಿದ್ದು ಮತ್ತೆಲ್ಲೋ, ಒಳಗಿರುವವರು ಹತ್ತಾರು ದೇಶದವರು. ಹೊಗೆ ಯಾರದು? ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ನೋಡಿಕೊಳ್ಳಲಿ ಎಂದು ಬರೆದು ಕೈತೊಳೆದುಕೊಂಡರು. ಆ ಸಂಸ್ಥೆ ಮೊದಲ ಗುರಿಪಟ್ಟಿ ಹೊರಡಿಸಿದ್ದು 2018ರಲ್ಲಿ. ನಡುವೆ ಇಪ್ಪತ್ತು ವರ್ಷ ಕಳೆದಿತ್ತು.

ಇತ್ತ ಕೋಲಾರದಲ್ಲಿ ಅಷ್ಟು ತಡವಾಗಲಿಲ್ಲ. ಮಾರ್ಕಂಡೇಶ್ವರ ಬೆಟ್ಟದ ಕೆಳಗಿನ ವಕ್ಕಲೇರಿಯಿಂದ ಆಂಧ್ರದ ಗಡಿಯ ಬಾಗೇಪಲ್ಲಿಯವರೆಗೆ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಜನರ ಕೈಹಿಡಿದಿರುವುದು ಸೀಮೆಹಸು, ಎರಡು ಹೊತ್ತಿನ ಡೇರಿ. ಹಸು ಇದ್ದಲ್ಲಿ ಸಗಣಿಗೆ ಬರವಿಲ್ಲ. 2005ರ ಫೆಬ್ರವರಿಯಲ್ಲಿ ಕ್ಯೋಟೊ ಒಪ್ಪಂದ ಜಾರಿಗೆ ಬಂತು. ಅದೇ ಡಿಸೆಂಬರ್‌ನಲ್ಲಿ ಬಾಗೇಪಲ್ಲಿ ಕೂಲಿ ಸಂಘದ 5,500 ಗೋಬರ್ ಗ್ಯಾಸ್ ಗುಂಡಿಗಳ ಯೋಜನೆ ವಿಶ್ವಸಂಸ್ಥೆಯ ದಾಖಲೆ ಸೇರಿತು. ಬಾಗೇಪಲ್ಲಿ ಆಗಿನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ.

ಗುಂಡಿ ದೀನಬಂಧು ಮಾದರಿಯದು. ದೆಹಲಿಯ ಅಫ್ಪ್ರೊ ಸಂಸ್ಥೆ 1984ರಲ್ಲಿ ರೂಪಿಸಿದ್ದು. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಈಚೆಗೊಂದು ತೊಟ್ಟಿ, ಆಚೆಗೊಂದು ಬಾಯಿ. ಬೆಳಿಗ್ಗೆ ಕೊಟ್ಟಿಗೆ ಬಾಚಿದ ಸಗಣಿಗೆ ಅಷ್ಟೇ ನೀರು ಹುಯ್ದು, ತೊಟ್ಟಿಯಲ್ಲಿ ಕೈಹಾಕಿ ಕದಡಿ, ಹುಲ್ಲುಕಡ್ಡಿ, ಕಲ್ಲು ಆಯ್ದು ಒಳಗೆ ಬಿಡುತ್ತಾರೆ. ಗಾಳಿಯಾಡದ ಕತ್ತಲಲ್ಲಿ ಅದು ಕೊಳೆತು ಮೀಥೇನ್ ಹುಟ್ಟುತ್ತದೆ. ಕೊಳವೆಯಲ್ಲಿ ಬಂದು ಅಡುಗೆಮನೆಯಲ್ಲಿ ನೀಲಿಯಾಗಿ ಉರಿಯುತ್ತದೆ. ಆಚೆ ಬಾಯಿಂದ ಬಗ್ಗಡ ಹೊರಬರುತ್ತದೆ. ವಾಸನೆ ಅಷ್ಟಿರುವುದಿಲ್ಲ, ಹೊಲಕ್ಕೆ ಒಳ್ಳೆ ಗೊಬ್ಬರ. ಕೋಲಾರದ ಎಸ್‌ಕೆಜಿ ಸಂಘ ಈ ಬಗ್ಗಡವನ್ನು ಎರೆಹುಳುವಿಗೆ ಉಣಿಸಿ ಹೆಂಗಸರ ಕೈಗೆ ನಾಲ್ಕು ಕಾಸು ಬರುವಂತೆ ಮಾಡಿತು. 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಅದಕ್ಕೆ ಸಿಕ್ಕಿತು.

ಸೌದೆ, ಸೀಮೆಎಣ್ಣೆ ತಪ್ಪಿದ್ದರಿಂದ ಒಂದು ಮನೆಯಲ್ಲಿ ವರ್ಷಕ್ಕೆ ಉಳಿಯುವ ಇಂಗಾಲದ ಡೈಆಕ್ಸೈಡ್ ಸುಮಾರು ಮೂರೂವರೆ ಟನ್ ಎಂದು ಲೆಕ್ಕ ಹಾಕಿದರು. ಟನ್ನಿಗೊಂದು ಕಾರ್ಬನ್ ಕ್ರೆಡಿಟ್. ಒಲೆ ನಿಜವಾಗಿ ಉರಿಯುತ್ತಿದೆಯೇ ಎಂದು ಹೊರಗಿನವರು ಬಂದು ತಪಾಸಣೆ ಮಾಡಿದ ಮೇಲೆಯೇ ಅದು ಕೈಗೆ ಬರುವುದು.

ಹೊಗೆ ತಗ್ಗಿಸುವ, ಇಲ್ಲವೇ ಇಂಥ ಕ್ರೆಡಿಟ್ ಕೊಂಡು ಸರಿದೂಗಿಸುವ ದೊಡ್ಡ ಮಾತು ಪ್ರವಾಸಿ ಹಡಗು ಕಂಪನಿಗಳಿಂದ ಬಂದದ್ದು ಬಹಳ ತಡವಾಗಿ. ಎಂಎಸ್‌ಸಿ ಕ್ರೂಸಸ್ ಕ್ರೆಡಿಟ್ ಕೊಂಡು 2020ರ ಜನವರಿಯಿಂದ ತನ್ನ ಹಡಗುಗಳ ಹೊಗೆಯನ್ನು ಸರಿದೂಗಿಸುವುದಾಗಿ ಸಾರಿತು. ರಾಯಲ್ ಕೆರಿಬಿಯನ್ 2021ರಲ್ಲಿ, 2050ರೊಳಗೆ ಶೂನ್ಯಕ್ಕೆ ಇಳಿಯುವುದಾಗಿ ಹೇಳಿತು. ಕಾರ್ನಿವಲ್ ಹೇಳಿದ್ದು 2008ಕ್ಕೆ ಹೋಲಿಸಿದರೆ ಶೇ 40 ಇಳಿಕೆ. ಆದರೆ ಅದು ಒಟ್ಟು ಹೊಗೆಯಲ್ಲಲ್ಲ, ಹಡಗಿನ ಸಾಮರ್ಥ್ಯ ಮತ್ತು ಓಡಿದ ದೂರಕ್ಕೆ ಭಾಗಿಸಿದ ಹೊಗೆಯಲ್ಲಿ. ಹಡಗು ಹೆಚ್ಚಾದರೆ ಒಟ್ಟು ಹೊಗೆ ಏರಬಹುದು, ಮಾತು ಮಾತ್ರ ತಪ್ಪುವುದಿಲ್ಲ. ಜಾಣ ಲೆಕ್ಕ.

ಕಾರ್ನಿವಲ್ ಒಂದರ ಹಡಗುಗಳೇ ವರ್ಷಕ್ಕೆ ಸುಮಾರು 1 ಕೋಟಿ ಟನ್ ಉಗುಳುತ್ತವೆ. ಅದನ್ನು ಸಗಣಿಯಿಂದಲೇ ತೀರಿಸಲು ಹೊರಟರೆ 28 ಲಕ್ಷಕ್ಕೂ ಹೆಚ್ಚು ಗುಂಡಿ ಬೇಕು. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆಯೇ 15 ಲಕ್ಷ ಚಿಲ್ಲರೆ. ಗುಂಡಿಯಿಂದ ಹೆಂಗಸರ ಕಣ್ಣುರಿ ತಪ್ಪಿತು, ಸೌದೆ ಹೊರೆ ತಪ್ಪಿತು; ಅದು ದೊಡ್ಡದೇ. ಹಡಗಿನ ಸಾಲ ತೀರಿಸುವ ಹೊಣೆಯನ್ನೂ ಅದರ ತಲೆಗೆ ಕಟ್ಟುವುದು ಅನ್ಯಾಯ.

ಇನ್ನೊಂದು ತಮಾಷೆಯಿದೆ. ಹೊಸ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಹಲವು ಎಣ್ಣೆ ಬಿಟ್ಟು ದ್ರವೀಕೃತ ನೈಸರ್ಗಿಕ ಅನಿಲಕ್ಕೆ ತಿರುಗಿವೆ. 2018ರ ಐಡಾನೋವಾ ಮೊದಲನೆಯದು. ಆ ಅನಿಲವೂ ಬಹುಪಾಲು ಮೀಥೇನೇ, ನಮ್ಮ ಗುಂಡಿಯಲ್ಲಿ ಹುಟ್ಟುವಂಥದೇ. ಎಂಜಿನ್ನಿನಲ್ಲಿ ಪೂರ್ತಿ ಉರಿಯದೆ ಒಂದಿಷ್ಟು ಆಕಾಶಕ್ಕೆ ಹಾರುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಕಾವು ಹಿಡಿಯುತ್ತದೆ. ಯುರೋಪಿನ ನಿಯಮ ಸೋರಿಕೆ ಶೇ 3.1 ಎಂದು ಹಿಡಿದಿದ್ದರೆ, ಹಡಗುಗಳ ಹೊಗೆಕೊಳವೆಯ ಮೇಲೆ ಅಳೆದ 2024ರ ಅಧ್ಯಯನಕ್ಕೆ ಸಿಕ್ಕ ಸರಾಸರಿ ಶೇ 6.4.

ಸಾಗರ ಸಂಸ್ಥೆ 2023ರಲ್ಲಿ ಗುರಿ ಬಿಗಿಗೊಳಿಸಿತು. 2050ರ ಆಸುಪಾಸಿನಲ್ಲಿ ಶೂನ್ಯ ಎಂದಿತು. ಹೊಗೆಗೆ ದರ ಕಟ್ಟುವ ನಿಯಮವನ್ನು ಅಂಗೀಕರಿಸುವುದಕ್ಕೆ 2025ರ ಅಕ್ಟೋಬರ್‌ನಲ್ಲಿ ಸಭೆ ಸೇರಿ, ಮತ ಹಾಕಿ, ವಿಷಯವನ್ನು ಒಂದು ವರ್ಷ ಮುಂದೂಡಿತು. ಯುರೋಪ್ ಒಕ್ಕೂಟ ಕಾಯಲಿಲ್ಲ. ತನ್ನ ಬಂದರಿಗೆ ಬರುವ ದೊಡ್ಡ ಹಡಗುಗಳಿಂದ 2024ರ ಹೊಗೆಗೇ ಹಣ ವಸೂಲಿ ಶುರುಮಾಡಿದೆ. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ ಸುತ್ತಿ ಬರುವ ಹಡಗಿಗೆ ಅದು ಅನ್ವಯಿಸುವುದಿಲ್ಲ.