ಚಿತ್ರ ಓದುವ ಯಂತ್ರ ಬಂತು, ಚಿತ್ರ ತೆಗೆಯುವುದೆಲ್ಲಿ?

ಮಿದುಳಿನ ದೊಡ್ಡ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕ 2006ರಷ್ಟು ಹಳೆಯದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡ ಹೊಸದೇನಲ್ಲ. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಬಿದ್ದ ಕೈ ಮತ್ತೆ ಏಳುವ ಸಾಧ್ಯತೆ ಹೆಚ್ಚು. ಆದರೆ ಕೈಗೆ ಸಿಕ್ಕಿತೆಂದು ಚುಚ್ಚಿಬಿಡುವಂತಿಲ್ಲ. ನಾಳ ಮುಚ್ಚಿಕೊಂಡು ಬರುವ ಲಕ್ವವೂ ಉಂಟು, ನಾಳ ಒಡೆದು ರಕ್ತ ಸೋರಿ ಬರುವುದೂ ಉಂಟು. ಹೊರಗಿನಿಂದ ನೋಡಿದರೆ ಎರಡರಲ್ಲೂ ಅದೇ ಸೊಟ್ಟ ಬಾಯಿ, ಅದೇ ತೊದಲು ಮಾತು. ರಕ್ತ ಸೋರುತ್ತಿರುವವರಿಗೆ ಆ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಸಂಚಕಾರ. ಹಾಗಾಗಿ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು, ಅದನ್ನು ಓದಬಲ್ಲವರೂ ಹತ್ತಿರವಿರಬೇಕು.

ಕೃತಕ ಬುದ್ಧಿಮತ್ತೆ ಕೈಹಾಕಿರುವುದು ಈ ಓದುವ ಕೆಲಸಕ್ಕೆ. ಮುಂಬೈನ ಕ್ಯೂರ್ ಡಾಟ್ ಎಐ ಕಂಪನಿಯವರು ಭಾರತದ ಸುಮಾರು 20 ಕೇಂದ್ರಗಳಿಂದ ತಲೆಯ ಸಿ.ಟಿ.ಗಳನ್ನು ತರಿಸಿಕೊಂಡು, ಮೂರು ಲಕ್ಷಕ್ಕೂ ಹೆಚ್ಚು ಸ್ಕ್ಯಾನ್‌ಗಳ ಮೇಲೆ ತಂತ್ರಾಂಶವನ್ನು ಪಳಗಿಸಿ ಪರೀಕ್ಷಿಸಿದರು. ಅದರ ವಿವರ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ರಕ್ತಸ್ರಾವ, ಬುರುಡೆಯ ಬಿರುಕು, ಮಿದುಳು ಒಂದು ಪಕ್ಕಕ್ಕೆ ಸರಿದಿರುವುದು, ಇವನ್ನೆಲ್ಲ ಅದು ಗುರುತಿಸುತ್ತದೆ. ದೊಡ್ಡ ನಾಳ ಮುಚ್ಚಿರುವುದನ್ನು ಪತ್ತೆಹಚ್ಚಿ ನೇರ ತಜ್ಞರ ಮೊಬೈಲಿಗೇ ಸಂದೇಶ ಕಳಿಸುವ ವಿಜ್ ಎಂಬ ತಂತ್ರಾಂಶಕ್ಕೆ ಅಮೆರಿಕ ಅದೇ ವರ್ಷ ಅನುಮತಿ ಕೊಟ್ಟಿತು. ‘ಡಾನ್’ ಎಂಬ ಪ್ರಯೋಗದ ಫಲಿತಾಂಶ ಪ್ರಕಟವಾದದ್ದೂ ಅದೇ ಸುಮಾರಿಗೆ. ಮಿದುಳಿನಲ್ಲಿ ಸತ್ತ ಭಾಗ ಎಷ್ಟು ಎಂದು ಕಂಪ್ಯೂಟರ್ ಅಳೆದುಕೊಟ್ಟರೆ, ಆರು ಗಂಟೆ ದಾಟಿ 24 ಗಂಟೆಯೊಳಗೆ ಬಂದ ಕೆಲವರಲ್ಲೂ ಕ್ಯಾಥೆಟರ್ ತೂರಿಸಿ ಹೆಪ್ಪು ಹೊರತೆಗೆಯುವುದರಿಂದ ಪ್ರಯೋಜನವಿದೆ ಎಂದು ಅದು ತೋರಿಸಿತು. ‘ರಾತ್ರಿ ಚೆನ್ನಾಗೇ ಇದ್ರು ಡಾಕ್ಟ್ರೇ, ಬೆಳಿಗ್ಗೆ ಎದ್ದಾಗ ಹೀಗಾಗಿತ್ತು’ ಎನ್ನುವ ಮನೆಯವರಿಗೆ ಅಲ್ಲಿಯವರೆಗೆ ಹೇಳಲು ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ.

ಹಾಗೆಂದು ಯಂತ್ರದ ಮಾತೇ ಅಂತಿಮವಲ್ಲ. ನಾಳ ಮುಚ್ಚಿದ ಮೊದಲ ಕೆಲವು ಗಂಟೆಗಳಲ್ಲಿ ಸಿ.ಟಿ. ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ‘ರಕ್ತಸ್ರಾವ ಇಲ್ಲ’ ಎಂದು ತಂತ್ರಾಂಶ ಹೇಳಿದರೆ ‘ಲಕ್ವ ಇಲ್ಲ’ ಎಂದು ತಿಳಿದು ಮನೆಗೆ ಕಳಿಸುವ ಅಪಾಯವಿದೆ. ಮಿದುಳಿನ ಹಿಂಭಾಗಕ್ಕೆ ಬರುವ ಲಕ್ವದಲ್ಲಿ ಕೈಕಾಲು ಬೀಳದೆ ಬರೀ ತಲೆಸುತ್ತು, ವಾಂತಿ, ತೂರಾಟ ಇರಬಹುದು. ನಾವೋ ಪಿತ್ತ ಹೆಚ್ಚಾಗಿದೆ ಎಂದು ನಿಂಬೆ ಶರಬತ್ತು ಕುಡಿಸುತ್ತಾ ಕೂರುತ್ತೇವೆ. ಅಂಥವರನ್ನು ನಡೆಸಿ, ಕಣ್ಣಿನ ಚಲನೆ ನೋಡಿ ಹಿಡಿಯಬೇಕಾದವರು ವೈದ್ಯರೇ.

ಇಷ್ಟಕ್ಕೂ ನಮ್ಮಲ್ಲಿ ಸಮಯ ಸೋರಿಹೋಗುವುದು ಸಿ.ಟಿ. ಓದುವಾಗಲ್ಲ, ಸಿ.ಟಿ. ಇರುವ ಆಸ್ಪತ್ರೆ ಮುಟ್ಟುವ ಮೊದಲು. ಈ ವಿಚಾರದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹಿಮಾಚಲ ಪ್ರದೇಶದವರು 2014ರಲ್ಲಿ ಮಾಡಿದ ಕೆಲಸ. ಅದರಲ್ಲಿ ಯಾವ ಕೃತಕ ಬುದ್ಧಿಯೂ ಇರಲಿಲ್ಲ. ಬೆಟ್ಟದೂರಿನ ಜಿಲ್ಲಾ ಆಸ್ಪತ್ರೆಯ ವೈದ್ಯರು ಸಿ.ಟಿ.ಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನರರೋಗ ತಜ್ಞರಿಗೆ ಕಳಿಸಿದರು, ಫೋನಿನಲ್ಲೇ ಸಲಹೆ ಪಡೆದು ಇಂಜೆಕ್ಷನ್ ಕೊಟ್ಟರು. ಔಷಧಿಯ ಖರ್ಚು ಸರ್ಕಾರದ್ದು.

ನಮ್ಮ ರಾಜ್ಯವೂ ಹೃದಯದ ವಿಷಯದಲ್ಲಿ ಇಂಥದೇ ದಾರಿ ಹಿಡಿದಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರೆ ಎಐ ನೆರವಿನಿಂದ ಅದು ಬೇಗ ಪರಿಶೀಲನೆಯಾಗುತ್ತದೆ, ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ಸಲಹೆ ಕೊಡುತ್ತಾರೆ, ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಲಕ್ವಕ್ಕೂ ಇದೇ ಔಷಧಿ ಬಳಕೆಯಲ್ಲಿದೆ, ಪ್ರಮಾಣ ಮಾತ್ರ ಕಡಿಮೆ. ಮತ್ತೇಕೆ ಮಿದುಳಿಗೆ ಈ ಭಾಗ್ಯವಿಲ್ಲ? ಇ.ಸಿ.ಜಿ. ಯಂತ್ರವನ್ನು ಚೀಲದಲ್ಲಿ ಹೊತ್ತೊಯ್ಯಬಹುದು. ಸಿ.ಟಿ.ಗೆ ಪ್ರತ್ಯೇಕ ಕೋಣೆ, ಕೈಕೊಡದ ವಿದ್ಯುತ್ತು, ತರಬೇತಾದ ಟೆಕ್ನಿಷಿಯನ್ ಬೇಕು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ಜಿಲ್ಲೆಗಳ ವೈದ್ಯರಿಗೆ ತರಬೇತಿ ಕೊಡುತ್ತಿದೆ. ಒಳ್ಳೆಯದು. ಆದರೆ ತರಬೇತಾದ ವೈದ್ಯರ ಕೈಗೆ ರಾತ್ರಿ ಎರಡು ಗಂಟೆಗೂ ಸಿ.ಟಿ. ಚಿತ್ರ ಸಿಗಬೇಕಲ್ಲ! ತಂತ್ರಾಂಶ ಕೊಳ್ಳಲು ಉತ್ಸಾಹ ತೋರುವವರು ರಾತ್ರಿ ಪಾಳಿಯ ಟೆಕ್ನಿಷಿಯನ್ ನೇಮಕದ ಕಡತಕ್ಕೂ ಅಷ್ಟೇ ಬೇಗ ಸಹಿ ಹಾಕಲಿ.

ನಾವು ಮಾಡಬೇಕಾದದ್ದೂ ಇದೆ. ಮನೆಯಲ್ಲಿ ಯಾರಿಗಾದರೂ ದಿಢೀರನೆ ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಅವರು ಕೊನೆಯ ಬಾರಿ ಸರಿಯಾಗಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಚಿಕಿತ್ಸೆಯ ಲೆಕ್ಕ ಶುರುವಾಗುವುದು ಅಲ್ಲಿಂದ. ನೀರು, ಮಾತ್ರೆ, ನಾಟಿ ಔಷಧಿ ಏನನ್ನೂ ಬಾಯಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ. ನಿಮ್ಮೂರಿಗೆ ಹತ್ತಿರದಲ್ಲಿ ರಾತ್ರಿಯೂ ಸಿ.ಟಿ. ನಡೆಯುವ ಆಸ್ಪತ್ರೆ ಯಾವುದೆಂದು ಈ ವಾರವೇ ವಿಚಾರಿಸಿಟ್ಟುಕೊಳ್ಳಿ.